ಗಂಗೆಯ ಐದು ಇಂಜೆಕ್ಷನ್

ಸ್ಪಿರಿಟ್ ದೀಪದ ವಾಸನೆ ನನಗೆ ಆರನೆಯ ವಯಸ್ಸಿನಿಂದ ಗೊತ್ತು. ಸಿದ್ದಾಪುರದ ಹತ್ತಿರದ ನಮ್ಮೂರ ಶಾಲೆಗೆ ವರ್ಷಕ್ಕೊಮ್ಮೆ ಸಿಡುಬಿನ ಲಸಿಕೆ ಹಾಕುವವರು ಬರುತ್ತಿದ್ದರು. ಮೇಜಿನ ಮೇಲೆ ಪುಟ್ಟ ಹಿತ್ತಾಳೆಯ ದೀಪ, ಅದರಲ್ಲಿ ನೀಲಿ ಉರಿ. ಲಸಿಕೆಯ ಚಕ್ರದ ಸೂಜಿಯನ್ನು ಆ ಉರಿಯಲ್ಲಿ ಕಾಯಿಸಿ, ಆರಿಸಿ, ತೋಳಿಗೆ ಊರಿ ತಿರುಪುತ್ತಿದ್ದರು. ಸುಟ್ಟ ಸ್ಪಿರಿಟ್ಟು, ಬಿಸಿಯಾದ ಲೋಹ, ಸಾಲಿನಲ್ಲಿ ನಿಂತ ಮಕ್ಕಳ ಬೆವರು ಎಲ್ಲ ಸೇರಿದ ವಾಸನೆ ಅದು. ಒಂದು ವರ್ಷ ಅವರು ಮನೆಮನೆಗೂ ಬಂದರು. ಮದುವೆಯಾಗಿ ಹೊಸದಾಗಿ ಬಂದಿದ್ದ ನನ್ನ ಚಿಕ್ಕಮ್ಮ ಪರಗಂಡಸಿಗೆ ತೋಳು ತೋರಿಸಲಾರೆನೆಂದು ಅಟ್ಟ ಹತ್ತಿ ಕುಳಿತಳು. ಅಮ್ಮ ಬೈಯಲಿಲ್ಲ. ಅಪ್ಪನ ಪಂಚೆಯೊಂದನ್ನು ಅಡ್ಡ ಹಿಡಿದು, ಚಿಕ್ಕಮ್ಮನ ತೋಳಷ್ಟನ್ನೇ ಅದರಾಚೆಗೆ ಚಾಚಿಸಿ ಲಸಿಕೆ ಹಾಕಿಸಿದಳು. ಮರುವರ್ಷ ನಮ್ಮ ಕೇರಿಯಲ್ಲಿ ಸಿಡುಬು ಬಂತು. ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಹಾಗಾಗಿ ಲಸಿಕೆಯೆಂದರೆ ನನಗೆ ಆಗಿನಿಂದಲೂ ದೊಡ್ಡ ನಂಬಿಕೆ. ಧಾರವಾಡದಲ್ಲಿ ಬಿ.ಎ. ಓದಿ, ಯಲ್ಲಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದವಳು ನಾನು. ಎಷ್ಟು ಮಕ್ಕಳ ತಂದೆತಾಯಿಯರನ್ನು ಕೂರಿಸಿಕೊಂಡು ಲಸಿಕೆಯ ವಿಷಯ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಮಾತನ್ನು ಜನ ಕೇಳುತ್ತಿದ್ದರು. ಗಂಗೆಯೂ ಕೇಳಿದಳು.

ಗಂಗೆ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಳು. ನಂದೊಳ್ಳಿಯ ರೈತರ ಮನೆಯ ಹುಡುಗಿ. ಯಲ್ಲಾಪುರದ ಅಡಿಕೆ ವಖಾರಿಯಲ್ಲಿ ಚೀಲ ಹೊರುವ ಚೌಡನನ್ನು ಮದುವೆಯಾಗಿ ಬಂದಿದ್ದಳು. ಎರಡು ಓಣಿ ದಾಟಿದರೆ ಅವರ ಮನೆ. ಭೂಮಿಕಾ ಒಬ್ಬಳೇ ಮಗಳು. ಅವಳು ಹುಟ್ಟಿದ ಮೇಲೆ ಗಂಗೆ ದಪ್ಪವಾಗತೊಡಗಿ, ಕೂತೇ ಮಾಡುವ ಕೆಲಸವೂ ಸೇರಿ, ನಾನು ಹೇಳುತ್ತಿರುವ ಹೊತ್ತಿಗೆ ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ನುಗ್ಗಬೇಕಾಗುವಷ್ಟು ಆಗಿದ್ದಳು. ಓಣಿಯಲ್ಲಿ ಇನ್ನೊಬ್ಬ ಗಂಗೆ ಇದ್ದಳು. ಗುರುತಿಗೆಂದು ಜನ ಇವಳನ್ನು ಡುಮ್ಮಿ ಗಂಗೆ ಎನ್ನುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು.

"ನನ್ನ ಟೇಪು ಊರಿಗೆಲ್ಲ ಸುತ್ತು ಬರ್ತದೆ ಅಕ್ಕೋರೆ, ನನಗೊಂದೇ ಸಾಲೂದಿಲ್ಲ" ಎಂದು ತನ್ನನ್ನೇ ಹಾಸ್ಯ ಮಾಡಿಕೊಳ್ಳುವಳು. ಮೇಷ್ಟರ ಹೆಂಡತಿಗಾಗಲಿ, ಟೀಚರಿಗಾಗಲಿ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಆದರೆ ಯಾರೂ ನೋಡದಿದ್ದಾಗ ಅವಳು ಸೆರಗನ್ನು ಎರಡೂ ತೋಳಿನ ಮೇಲೆ ಹೊದ್ದುಕೊಳ್ಳುವುದನ್ನು ನಾನು ಕಂಡಿದ್ದೆ. ಊರಿನವರ ರವಿಕೆಗಳನ್ನು ಅಷ್ಟು ಹದವಾಗಿ ಹೊಲಿಯುವವಳು ತನ್ನದನ್ನು ಮಾತ್ರ ಹಳೆಯ ಅಳತೆಗೇ ಹೊಲಿದುಕೊಳ್ಳುತ್ತಿದ್ದಳು. ತೋಳಿನ ಅಂಚು ಮಾಂಸದಲ್ಲಿ ಹೂತು ಕೆಂಪಗೆ ಗೆರೆ ಮೂಡಿರುತ್ತಿತ್ತು. ಸಡಿಲ ಮಾಡಿಕೋ ಎಂದರೆ, "ಮಾಡ್ತೆ, ಮಾಡ್ತೆ. ಮುಂದಿನ ತಿಂಗ್ಳಿಗೆ ಇಳಿತೀನಿ" ಎನ್ನುವಳು.

2001ರ ಫೆಬ್ರವರಿಯ ಮೊದಲ ವಾರ. ಬೆಳಗಿನ ಹತ್ತು ಗಂಟೆಗೆ ಬಲಗೈಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಓಣಿಯಲ್ಲಿ ಒಂದು ಬಿಳಿ ನಾಯಿಮರಿ ಇತ್ತು, ಅವಳೇ ಅನ್ನ ಹಾಕಿ ಸಾಕಿದಂತಿತ್ತು. ಎರಡು ದಿನದಿಂದ ಅದು ಏನೂ ತಿನ್ನುತ್ತಿರಲಿಲ್ಲ. ಬಾಯಿ ತೆರೆದುಕೊಂಡು ಜೊಲ್ಲು ಸುರಿಸುತ್ತಿತ್ತು.

"ಮೀನಿನ ಮುಳ್ಳು ಸಿಕ್ಕಂಡದೆ ಅಂತ ಮಾಡ್ದೆ ಅಕ್ಕೋರೆ. ಪಾಪ, ನನ್ನ ಮುಖಾನೇ ನೋಡ್ತಿತ್ತು. ಬೆರಳು ಹಾಕಿ ತೆಗಿಯೋಣ ಅಂತ ಹಾಕ್ದೆ. ಮುಚ್ಚೇ ಬಿಡ್ತು."

ಬಟ್ಟೆ ಬಿಚ್ಚಿ ನೋಡಿದೆ. ತೋರುಬೆರಳು, ನಡುಬೆರಳು ಎರಡರಲ್ಲೂ ಆಳವಾದ ತೂತು, ಅದರ ಮೇಲೆ ಅರಿಶಿನ ಮೆತ್ತಿತ್ತು. ಬಚ್ಚಲಿಗೆ ಕರೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿ ಸೋಪು ಹಚ್ಚಿ ತೊಳೆದೆ. ಜೊಲ್ಲು ಸುರಿಸುವ ನಾಯಿ ಎಂದರೇನು ಎಂಬುದು ನನಗೆ ಗೊತ್ತಿತ್ತು. ಅವಳಿಗೆ ಹೇಳಲಿಲ್ಲ.

ಸುದ್ದಿ ತಿಳಿದು ಚೌಡ ವಖಾರಿಯಿಂದ ಓಡಿ ಬಂದ. ಅರಬೈಲ್ ಕಡೆ ನಾಯಿ ಕಡಿತಕ್ಕೆ ಬೇರು ಕೊಡುವವನೊಬ್ಬನಿದ್ದ. ಚೌಡನ ಅಪ್ಪನಿಗೆ ಹಿಂದೊಮ್ಮೆ ಅವನೇ ಔಷಧ ಕೊಟ್ಟಿದ್ದನಂತೆ.

"ಬಸ್ಸು ಹನ್ನೊಂದಕ್ಕದೆ ಅಕ್ಕೋರೆ. ಹೋಗಿ ಬಂದ್ಬಿಡ್ತೀವಿ. ಮೂರು ದಿನ ಪಥ್ಯ, ಆಮೇಲೆ ಎಂತ ಚಿಂತೆ ಇಲ್ಲ."

"ಬೇರು ನಾರು ಬೇಡ ಚೌಡ. ಇದು ಆಟ ಅಲ್ಲ. ಓದಿದವಳು ನಾನು ಹೇಳ್ತಿದ್ದೇನೆ, ಕೇಳು."

ಅವನು ಹೆಂಡತಿಯ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು. "ನೀವು ಹೇಳ್ದಂಗೇ ಆಗ್ಲಿ" ಎಂದ. ಆ ಬೇರಿನಿಂದ ಗಂಗೆ ಉಳಿಯುತ್ತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ.

ಸರಕಾರಿ ಆಸ್ಪತ್ರೆಯಲ್ಲಿ ಆಗಿನ್ನೂ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡುತ್ತಿದ್ದರು. ಹೊಟ್ಟೆ ತೋರಿಸಿ ಮಲಗಬೇಕು, ಅದೂ ಹದಿನಾಲ್ಕು ದಿನ. ಅದನ್ನು ಕೇಳಿದ ಕೂಡಲೇ ಗಂಗೆಯ ಮುಖ ಇಳಿದುಹೋಯಿತು. ಹೊಸ ಔಷಧ ಬಂದಿದೆ, ಐದೇ ಇಂಜೆಕ್ಷನ್ ಸಾಕು, ಹೊಟ್ಟೆಗಲ್ಲ ಎಂದು ನಾನು ಪತ್ರಿಕೆಯಲ್ಲಿ ಓದಿದ್ದೆ. ನಮ್ಮ ಬೀದಿಯ ಖಾಸಗಿ ಡಾಕ್ಟರು ಅದನ್ನೇ ಬರೆದುಕೊಟ್ಟರು. ಚೀಟಿಯಲ್ಲಿ ಐದು ತಾರೀಖು, ಕೆಳಗೆ ತೋಳಿಗೆ ಕೊಡಬೇಕೆಂದೂ ಇತ್ತು. ಗಾಯದ ಸುತ್ತ ಕೊಡುವ ಸೀರಂ ಅಂತ ಒಂದಿದೆ, ಸಿಕ್ಕರೆ ತನ್ನಿ, ಈ ಕಡೆಯೆಲ್ಲ ಸಿಗುವುದು ಕಷ್ಟ ಎಂದರು.

ಥರ್ಮಾಸ್ ಹಿಡಿದುಕೊಂಡು ನಾನೇ ಶಿರಸಿಗೆ ಹೋದೆ. ಮೂರು ಮೆಡಿಕಲ್ ಅಂಗಡಿ ತಿರುಗಿದ ಮೇಲೆ ಲಸಿಕೆ ಸಿಕ್ಕಿತು. ಸೀರಂ ಎಲ್ಲಿಯೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಸೋಡಾ ಅಂಗಡಿಯವನು ಯಾಕೆ ಏನು ಎಂದು ಕೇಳದೆ ಥರ್ಮಾಸಿನ ತುಂಬ ಐಸು ಒಡೆದು ಹಾಕಿಕೊಟ್ಟ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದೆ. ಯಾರಿಗಾದರೂ ಉಪಕಾರ ಮಾಡುವಾಗ ಆಗುವ ಸಂತೋಷ ನನಗೆ ಆ ದಿನ ಇತ್ತು. ಇದನ್ನು ಬರೆಯದೆ ಬಿಡಬಾರದು.

ಸಂಜೆ ಐದೂವರೆಗೆ ಗಂಗೆಯನ್ನು ಕರೆದುಕೊಂಡು ದವಾಖಾನೆಗೆ ಹೋದೆ. ಡಾಕ್ಟರು ಒಳಗೆ ರೋಗಿಗಳನ್ನು ನೋಡುತ್ತಿದ್ದರು. ಇಂಜೆಕ್ಷನ್ ಕೊಡುವುದು ಹೊರಗಿನ ಬೆಂಚಿನ ಪಕ್ಕದಲ್ಲಿ. ಕಂಪೌಂಡರ್ ಶಾಂತಾರಾಮ ನಮ್ಮ ಬ್ರಾಹ್ಮಣರವನೇ, ನನ್ನ ಅಣ್ಣನ ಹೆಂಡತಿಯ ಕಡೆಯ ದೂರದ ಸಂಬಂಧ. ಕೈ ಹಗುರ ಅಂತ ಹೆಸರು ಪಡೆದವನು. ಮಕ್ಕಳಿಗೆ ಚುಚ್ಚಿದ ಮೇಲೆ ಖಾಲಿ ಔಷಧದ ಬಾಟಲಿ ಆಟಕ್ಕೆ ಕೊಡುತ್ತಿದ್ದ.

"ಬಾ ಗಂಗಾ, ಕೂತ್ಕ. ತೋಳು ಮೇಲೆ ಮಾಡು" ಎಂದ.

ಗಂಗೆ ಸೆರಗು ಸರಿಸಿ ತೋಳಿನ ಅಂಚನ್ನು ಎಳೆದಳು. ಅದು ಅರ್ಧ ಬೆರಳು ಮೇಲೆ ಹೋಗಿ ನಿಂತಿತು. ಇನ್ನೊಮ್ಮೆ ಎಳೆದಳು. ಬೆಂಚಿನ ಮೇಲೆ ಆರೇಳು ಜನ ಗಂಡಸರು ಸಾಲಾಗಿ ಕುಳಿತಿದ್ದರು. ಹೆಚ್ಚಿನವರು ವಖಾರಿಯ ಕಡೆಯವರೇ.

"ಶಾಂತಾರಾಮಣ್ಣ, ಚೀಲ ಹೊಲಿಯೋ ದಬ್ಬಳ ಬೇಕಾದ್ರೆ ತಂದ್ಕೊಡ್ತೆ" ಎಂದನೊಬ್ಬ. "ಈ ಸೂಜಿ ಎಲ್ಲಿ ಸಾಲ್ತದೆ?"

ಉಳಿದವರು ನಕ್ಕರು. ಗಂಗೆಯೂ ನಗಲು ನೋಡಿದಳು. ಆದರೆ ಅವಳ ಕಿವಿಯ ತುದಿ ಕೆಂಪಾಗಿ, ಕೈ ರವಿಕೆಯ ಗುಂಡಿಯ ಮೇಲೆ ಹೋಗಿ ನಿಂತಿತು. ತೋಳು ಬಿಡಿಸಬೇಕಾದರೆ ಅಷ್ಟು ಜನರ ಎದುರಿಗೆ ರವಿಕೆ ಬಿಚ್ಚಬೇಕು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

ಪಕ್ಕದ ಕೋಣೆಯಲ್ಲಿ, ಹಾಸಿಗೆಯಿದ್ದ ಮೂಲೆಗೆ ಒಂದು ಹಸಿರು ಪರದೆ ಇತ್ತು. ನಾನು ಅವಳನ್ನು ಎಬ್ಬಿಸಿ ಅಲ್ಲಿಗೆ ಕರೆದುಕೊಂಡು ಹೋಗಿ ಪರದೆ ಎಳೆದೆ. ಶಾಂತಾರಾಮನಿಗೆ ನಮ್ಮ ಮನೆಮಾತಿನಲ್ಲಿ ಮೆಲ್ಲಗೆ ಹೇಳಿದೆ.

"ಸೊಂಟಕ್ಕೇ ಕೊಟ್ಟುಬಿಡು ಮಾರಾಯ. ಪಾಪ, ಅದ್ರ ಮರ್ಯಾದೆ ತೆಗಿಯಡ."

"ಡಾಕ್ಟ್ರು ರಟ್ಟೆಗೆ ಹೇಳಿ ಬರದ್ದ ಅಲ್ದನೆ ಅಕ್ಕಾ?"

"ಸೊಂಟಕ್ಕೆ ಕೊಟ್ರೆ ಆಗ್ತಿಲ್ಲೆಯ?"

ಅವನು ಸಿರಿಂಜಿಗೆ ಔಷಧ ಎಳೆದುಕೊಂಡ. "ಆಗ್ದೆ ಎಂತ. ಆನು ಇಪ್ಪತ್ತು ವರ್ಷಾತು, ದೊಡ್ಡವ್ಕೆಲ್ಲಾ ಅಲ್ಲೇ ಕೊಡ್ತೆ. ಔಷಧ ಒಂದೇ, ಒಳಗೆ ಹೋದ್ರೆ ಆತು."

ನಮ್ಮ ಕಡೆ ತೋಳಿಗೆ ಚುಚ್ಚುವುದೆಂದರೆ ಮಕ್ಕಳ ಲಸಿಕೆ. ದೊಡ್ಡವರ ಇಂಜೆಕ್ಷನ್ ಸೊಂಟಕ್ಕೇ. ಸೊಂಟಕ್ಕೆ ಬಿದ್ದರೇ ಔಷಧ ಹಿಡಿಯುವುದೆಂದು ಕೇಳಿ ಹಾಕಿಸಿಕೊಳ್ಳುವವರೂ ಇದ್ದಾರೆ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಗಂಗೆ ಪಕ್ಕಕ್ಕೆ ಹೊರಳಿ ಮಲಗಿದಳು. ಶಾಂತಾರಾಮ ಸ್ಪಿರಿಟ್ ಹಚ್ಚಿ, ಮಾತಾಡಿಸುತ್ತಲೇ ಚುಚ್ಚಿ ಮುಗಿಸಿದ.

ಹೊರಗೆ ಬಂದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕೋರೆ, ನೀವಿಲ್ದಿದ್ರೆ ನಾನು ಎದ್ದು ಓಡೇ ಹೋಗ್ತಿದ್ದೆ" ಎಂದಳು.

ಉಳಿದ ನಾಲ್ಕು ಬಾಟಲಿಗಳು ನನ್ನ ಫ್ರಿಜ್ಜಿನಲ್ಲಿದ್ದವು. ಕರೆಂಟು ಹೋದಾಗಲೆಲ್ಲ ಅವನ್ನು ಥರ್ಮಾಸಿಗೆ ಹಾಕಿ ಐಸು ತುಂಬುತ್ತಿದ್ದೆ. ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕು, ಇಪ್ಪತ್ತೆಂಟು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ, ಒಂದೂ ತಪ್ಪಲಿಲ್ಲ. ಎರಡನೆಯ ಸಲ ಗಂಗೆ ಹೊಸ ರವಿಕೆ ಹಾಕಿಕೊಂಡು ಬಂದಿದ್ದಳು. ಸಡಿಲ ತೋಳಿನದು, ರಾತ್ರಿ ಕೂತು ಹೊಲಿದಿದ್ದಳಂತೆ. ಆದರೆ ನಾವು ದವಾಖಾನೆಗೆ ಹೋದ ಕೂಡಲೇ ಶಾಂತಾರಾಮ ಪರದೆಯ ಕಡೆ ಕೈ ತೋರಿಸಿದ, ನಾನು ಪರದೆ ಎಳೆದೆ, ಅವಳು ಹೊರಳಿ ಮಲಗಿದಳು. ಆ ಹೊಸ ತೋಳಿನ ಬಗ್ಗೆ ಮೂವರಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಡಾಕ್ಟರು ಎದುರಾದಾಗ, "ಬರೋಬ್ಬರಿ ತಗೊಳ್ತಾ ಇದ್ದೀರಲ್ಲ?" ಎಂದರು. "ಹೌದ್ರಿ, ಬರೋಬ್ಬರಿ" ಎಂದಳು ಗಂಗೆ.

ಐದನೆಯದು ಮುಗಿದ ದಿನ ನನ್ನ ಮುಂದೆ ಕ್ಯಾಲೆಂಡರಿನ ಆ ಎರಡು ಹಾಳೆಗಳನ್ನು ಹರಿದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಭೂಮಿಗೆ ತೋರಿಸ್ತೆ. ನಿಮ್ಮವ್ವ ಐದು ಸಬ್ಜೆಕ್ಟೂ ಪಾಸಾದ್ಲು, ನೀನು ಆರೂ ಪಾಸಾಗು ಅಂತ ಹೇಳ್ತೆ."

ಭೂಮಿಕಾ ಆ ವರ್ಷ ಎಸ್ಸೆಸ್ಸೆಲ್ಸಿ. ಮಾರ್ಚ್ ಕೊನೆಗೆ ಪರೀಕ್ಷೆ ಶುರುವಾಯಿತು. ಬೆಳಿಗ್ಗೆ ಅವಳನ್ನು ಕಳಿಸಿ ಗಂಗೆ ಮಷಿನ್ನಿಗೆ ಬಂದು ಕೂರುತ್ತಿದ್ದಳು. ಒಂದು ದಿನ ಹೊಲಿಯುತ್ತಾ ಹೊಲಿಯುತ್ತಾ ಕೈ ಕೊಡವಿದಳು.

"ಎಂತಾಯ್ತು?" ಎಂದೆ.

"ಬೆರಳು ಜುಮ್ ಅಂತದೆ ಅಕ್ಕೋರೆ. ಗಾಯ ಮಾಯ್ದು ಯಾವ ಕಾಲಾಯ್ತು. ಇರುವೆ ಹರ್ದಂಗೆ, ಮೊಣಕೈ ತನಕ ಬರ್ತದೆ."

ದಿನವಿಡೀ ಕತ್ತರಿ ಆಡಿಸಿ ಕೈಯ ನರ ಹಿಡಿದಿರಬೇಕು ಎಂದೆ. ಹಾಗೆಂದು ನಂಬಿಯೂ ಇದ್ದೆ. ಮರುದಿನ ಜ್ವರ, ತಲೆನೋವು. ಅದರ ಮರುದಿನ ಬೆಳಿಗ್ಗೆ ಬಂದಾಗ ಮುಖ ಹೇಗೋ ಇತ್ತು. ಚಹಾ ಕೊಟ್ಟೆ. ಲೋಟವನ್ನು ತುಟಿಯ ಹತ್ತಿರ ತಂದಳು. ಕುತ್ತಿಗೆಯ ನರಗಳೆಲ್ಲ ಹಗ್ಗದಂತೆ ಬಿಗಿದು, ಲೋಟ ಕೈಯಿಂದ ಹಾರಿ ಬಿತ್ತು.

"ಗಂಟ್ಲು ಕಟ್ಟಿದೆ" ಎಂದಳು, ಏದುಸಿರಿನಲ್ಲಿ. "ನಿನ್ನೆಯಿಂದ ನೀರೂ ಇಳೀತಿಲ್ಲ."

ನಾನು ಎದ್ದು ಫ್ಯಾನ್ ಹಾಕಿದೆ, ಸೆಖೆಗೆ ಹಾಗಾಗಿರಬೇಕೆಂದು. ಗಾಳಿ ಮುಖಕ್ಕೆ ಬಡಿದ ಕೂಡಲೇ ಮತ್ತೆ ಹಾಗೆಯೇ ಆಯಿತು. ಮುಖ ತಿರುಗಿಸಿ ಗೋಡೆಗೆ ಒತ್ತಿಕೊಂಡಳು. ಫ್ಯಾನ್ ಆರಿಸಿ ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಇನ್ನು ಯಾವ ಪುಸ್ತಕವನ್ನೂ ತೆಗೆದು ನೋಡಬೇಕಾಗಿರಲಿಲ್ಲ.

ಅವಳಿಗೂ ತಿಳಿಯಿತು. ತಿಳಿದದ್ದು ನನ್ನ ಮುಖದಿಂದ.

"ಐದೂ ತಗೊಂಡಿದ್ನಲ್ರಿ ಅಕ್ಕೋರೆ" ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ.

"ಭೂಮಿಗೆ ಇವತ್ತು ಗಣಿತ, ನಾಡ್ದು ವಿಜ್ಞಾನ. ಮುಗಿಯೋ ತನಕ ಹೇಳ್ಬೇಡಿ. ಅವ್ವ ಅಜ್ಜಿಮನೆಗೆ ಹೋಗಿದಾಳೆ ಅನ್ನಿ."

ಭೂಮಿಕಾಳಿಗೆ ಹಾಗೆಯೇ ಹೇಳಿ ನೋಡಿಕೊಳ್ಳಲು ಅವರ ಪಕ್ಕದ ಮನೆಯವರಿಗೆ ಒಪ್ಪಿಸಿ, ಚೌಡನನ್ನು ಕರೆಸಿ, ಹುಬ್ಬಳ್ಳಿಗೆ ಟ್ಯಾಕ್ಸಿ ಮಾಡಿದೆವು. ಹಿಂದಿನ ಸೀಟಿನಲ್ಲಿ ನಡುವೆ ಗಂಗೆ, ಒಂದು ಕಡೆ ನಾನು, ಇನ್ನೊಂದು ಕಡೆ ಚೌಡ. ಕಿಟಕಿಯ ಗಾಳಿ ಅವಳಿಗೆ ತಾಗಬಾರದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಟ್ಯಾಕ್ಸಿಯವನು ತನ್ನ ಕಡೆಯ ಗಾಜನ್ನೂ ಏರಿಸಿದ. ನಾವು ಹೇಳಿರಲಿಲ್ಲ. ಬೆವರಿಗೆ ಅವನ ಅಂಗಿ ಬೆನ್ನಿಗೆ ಅಂಟಿ, ಕಾಲರಿನಿಂದ ಹನಿ ಬೀಳುತ್ತಿತ್ತು. ಕಲಘಟಗಿ ದಾಟುವ ತನಕ ಒಂದು ಸಲವೂ ಗಾಜು ಇಳಿಸಲಿಲ್ಲ. ಸೇತುವೆಗಳು ಬಂದಾಗ ನಾನು ಸೆರಗನ್ನು ಅವಳ ಕಣ್ಣಿಗೆ ಅಡ್ಡ ಹಿಡಿಯುತ್ತಿದ್ದೆ, ನೀರು ಕಾಣದಿರಲೆಂದು. ಹಳ್ಳಗಳೆಲ್ಲ ಒಣಗಿದ್ದವು, ಆದರೂ ಹಿಡಿಯುತ್ತಿದ್ದೆ.

ಚೌಡ ಇಡೀ ದಾರಿ ಅವಳ ಬಲಗೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಿದ್ದ. "ಅಲ್ಲಿ ದೊಡ್ಡ ಡಾಕ್ಟ್ರಿದಾರೆ" ಎಂದು ನಡುನಡುವೆ ಹೇಳುತ್ತಿದ್ದ. "ಇಂಜೆಕ್ಷನ್ ತಗೊಂಡೋರಿಗೆ ಎಂತ ಆಗೂದಿಲ್ಲ. ಬೇರೆ ಎಂತದೋ ಇದ್ದಿರ್ಬೇಕು. ಅಲ್ಲೇನ್ರಿ ಅಕ್ಕೋರೆ?"

"ಇರ್ಬಹುದು" ಎಂದೆ.

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಹಿಂದಿನ ಕಟ್ಟಡದ ಒಂದು ಕೋಣೆಯಲ್ಲಿ ಮಲಗಿಸಿದರು. ಬಾಗಿಲಿಗೆ ಸರಪಳಿ ಇತ್ತು, ಹಾಕಲಿಲ್ಲ. ಬೆಳಕಿಗೆ ಕಷ್ಟಪಡುವುದನ್ನು ಕಂಡು ಆಯಾ ಒಬ್ಬಳು ಎಲ್ಲಿಂದಲೋ ಕಂಬಳಿ ತಂದು ಕಿಟಕಿಗೆ ತೂಗುಹಾಕಿದಳು. ಯಾರ ಕಡೆಯೂ ನೋಡದೆ, ಕೆಲಸ ಮುಗಿಸಿ ಹೋದಳು.

ಲೇಡಿ ಡಾಕ್ಟರು ಚಿಕ್ಕ ವಯಸ್ಸಿನವರು. ಚೌಡನನ್ನು ಅವಳ ಹತ್ತಿರ ಬಿಟ್ಟು ನನ್ನನ್ನು ಹೊರಗೆ ಕರೆದರು. ನನ್ನ ಹತ್ತಿರ ಚೀಟಿ, ಬಿಲ್ಲು, ಚೌಡ ಮನೆಯಿಂದ ತಂದುಕೊಟ್ಟಿದ್ದ ಕ್ಯಾಲೆಂಡರಿನ ಆ ಹಾಳೆಗಳು ಎಲ್ಲ ಇತ್ತು. ಅವರು ಒಂದೊಂದನ್ನೇ ಓದಿದರು.

"ತಾರೀಖು ಬರೋಬ್ಬರಿ ಅದಾವ್ರಿ. ಸೀರಂ ಕೊಟ್ಟಾರೇನು?"

"ಸಿಗಲಿಲ್ಲ."

"ಲಸಿಕೆ ತಣ್ಣಗ ಇಟ್ಟಿದ್ರಿ?"

ಹೇಳಿದೆ. ತಲೆಯಾಡಿಸಿದರು. ಆಮೇಲೆ ಒಳಗೆ ಮಲಗಿದ್ದ ಗಂಗೆಯ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

"ಎಲ್ಲಿ ಕೊಟ್ರು? ತೋಳಿಗೋ, ಟೊಂಕಕ್ಕೋ?"

"ಸೊಂಟಕ್ಕೆ. ಐದೂ."

ಅವರು ಚೀಟಿಯನ್ನು ಮಡಚಿ ಮತ್ತೆ ಬಿಡಿಸಿದರು. ಅಲ್ಲಿ ತೋಳಿಗೆ ಎಂದು ಬರೆದದ್ದು ಅವರಿಗೆ ಕಂಡಿತ್ತು. ಯಾಕೆ ಎಂದು ಅವರು ಕೇಳಲಿಲ್ಲ. ನಾನೇ ಕೇಳಿದೆ.

"ಅದರಿಂದ ಹೀಗಾಯಿತೇ?"

"ಈ ಲಸಿಕೆ ಮಾಂಸಖಂಡಕ್ಕ ಹೋಗಬೇಕ್ರಿ. ಟೊಂಕದಾಗ ಕೊಬ್ಬು ಭಾಳ, ಅದೂ ಇಂಥ ದಪ್ಪ ಮೈಯವರಿಗೆ. ಸೂಜಿ ಕೊಬ್ಬು ದಾಟೂದಿಲ್ಲ, ಔಷಧ ಅಲ್ಲೇ ನಿಂತುಬಿಡ್ತದ. ಮೈಗೆ ಬೇಕಾದಷ್ಟು ಶಕ್ತಿ ಬರೂದಿಲ್ಲ." ಚೀಟಿಯನ್ನು ನನ್ನ ಕೈಗೆ ಕೊಟ್ಟರು. "ಅದೊಂದರಿಂದನ ಅಂತ ಹೇಳಾಕ ಬರೂದಿಲ್ರಿ. ಕಡಿದಿದ್ದು ಬೆರಳಿಗೆ, ಅಲ್ಲಿ ನರ ಭಾಳ. ಸೀರಂ ಇರಲಿಲ್ಲ. ತೋಳಿಗೇ ಕೊಟ್ಟಿದ್ರೂ ಆಗಬಹುದಿತ್ತು. ನೀವು ತಲಿಗೆ ಹಚ್ಚಿಕೋಬ್ಯಾಡ್ರಿ."

"ಇನ್ನು ಏನಾದರೂ ಮಾಡಬಹುದೇ?"

ಅವರು ನನ್ನ ಮೊಣಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಉತ್ತರ ಅದೇ. ನಿದ್ರೆ ಬರುವ ಇಂಜೆಕ್ಷನ್ ಕೊಡ್ತೇವೆ, ಸಂಕಟ ಕಡಿಮೆ ಆಗ್ತದೆ ಎಂದು ಹೇಳಿ ಒಳಗೆ ಹೋದರು.

ಆ ಬೆಂಚಿನ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ. ದಬ್ಬಳ ತಂದುಕೊಡುತ್ತೇನೆ ಎಂದವನು ನೆನಪಾದ. ಅಷ್ಟು ಜನರಲ್ಲಿ ಅವನ ಮಾತೊಂದೇ ಸರಿಯಿತ್ತು. ನನ್ನ ಅಮ್ಮ ಒಂದನೇ ಇಯತ್ತೆಯನ್ನೂ ಓದಿರಲಿಲ್ಲ, ಅವಳು ಪಂಚೆ ಅಡ್ಡ ಹಿಡಿದು ತೋಳನ್ನು ಹೊರಗೆ ಚಾಚಿಸಿದ್ದಳು. ನಾನು ಅದೇ ಪರದೆ ಎಳೆದು ತೋಳನ್ನೇ ಬಿಟ್ಟುಬಿಟ್ಟೆ. ರವಿಕೆಯ ತೋಳಿನ ಹೊಲಿಗೆ ಎರಡು ಇಂಚು ಬಿಚ್ಚಿದ್ದರೆ ಸಾಕಿತ್ತು. ದವಾಖಾನೆಯಲ್ಲಿ ಕತ್ತರಿ ಇತ್ತು. ಗಂಗೆ ದರ್ಜಿ, ಮನೆಗೆ ಹೋಗಿ ಐದು ನಿಮಿಷದಲ್ಲಿ ಮತ್ತೆ ಹಾಕಿಕೊಳ್ಳುತ್ತಿದ್ದಳು. ಎರಡನೆಯ ಸಲ ಸಡಿಲ ತೋಳಿನ ರವಿಕೆಯನ್ನೇ ಹಾಕಿಕೊಂಡು ಬಂದಿದ್ದಳು. ಅದನ್ನು ನಾನು ಕಣ್ಣಾರೆ ನೋಡಿದ್ದೆ, ಬಣ್ಣ ಚೆನ್ನಾಗಿದೆ ಅಂತಲೂ ಅಂದಿದ್ದೆ.

ಒಳಗೆ ಹೋದಾಗ ಅವಳು ಎಚ್ಚರವಾಗಿದ್ದಳು. ಬಾಯಿಯ ಅಂಚಿನಿಂದ ಜೊಲ್ಲು ಹರಿಯುತ್ತಿತ್ತು. ಒರೆಸಲು ಹೋದರೆ ಕೈ ಅಡ್ಡ ಹಿಡಿದಳು.

"ಮುಟ್ಬೇಡ್ರಿ ಅಕ್ಕೋರೆ. ನಿಮಗೆ ತಾಗೀತು."

ಆಮೇಲೆ ಅವಳು ಮಾತಾಡಿದ್ದು ಹೆಚ್ಚಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ನಿದ್ರೆ ಹತ್ತಿತು, ನಡುನಡುವೆ ಬೆಚ್ಚಿ ಏಳುತ್ತಿದ್ದಳು. ಮಂಚ ಅವಳಿಗೆ ಸಣ್ಣದಾಗುತ್ತಿತ್ತು. ಚೌಡ ಒಂದು ಬದಿಗೆ ಒತ್ತಿಕೊಂಡು ನಿಂತೇ ಇದ್ದ, ಬೀಳದಿರಲೆಂದು. ಕೂತುಕೋ ಎಂದರೆ, ಚೀಲ ಹೊತ್ತು ನಿಲ್ಲೋ ರೂಢಿ ಅದೆ ಎಂದ. ಮರುದಿನ ಬೆಳಿಗ್ಗೆ ಹತ್ತೂ ಕಾಲಿಗೆ ಗಂಗೆ ತೀರಿಕೊಂಡಳು. ಯಲ್ಲಾಪುರದಲ್ಲಿ ಭೂಮಿಕಾ ಮರುದಿನದ ವಿಜ್ಞಾನಕ್ಕೆ ಓದುತ್ತಿದ್ದಳು.

ಕಾಗದಪತ್ರ ಆಗಬೇಕಿತ್ತು, ವ್ಯಾನು ಬರಬೇಕಿತ್ತು. ಚೌಡ ಮತ್ತು ನಾನು ಆಸ್ಪತ್ರೆಯ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು. ಅವನು ಅಳಲಿಲ್ಲ. ಭುಜದ ಮೇಲಿನ ಟವೆಲ್ಲನ್ನು ತೆಗೆದು ಮಡಚುವುದು, ಬಿಡಿಸುವುದು ಮಾಡುತ್ತಿದ್ದ.

"ಎಲ್ಲಾ ಮಾಡಿದ್ವಲ್ರಿ" ಎಂದ. "ಎಲ್ಲಿ ತಪ್ತು ಅಕ್ಕೋರೆ?"

ಹೇಳದಿದ್ದರೂ ನಡೆಯುತ್ತಿತ್ತು. ಡಾಕ್ಟರು ಅವನಿಗೆ ಹೇಳಿರಲಿಲ್ಲ. ಹೇಳುವುದಿಲ್ಲವೆಂದೂ ನನಗೆ ಗೊತ್ತಿತ್ತು.

"ಚೌಡ, ಆ ಇಂಜೆಕ್ಷನ್ನು ತೋಳಿಗೆ ಕೊಡಬೇಕಿತ್ತು. ಡಾಕ್ಟರು ಹಾಗೇ ಬರೆದಿದ್ದರು. ಸೊಂಟಕ್ಕೆ ಕೊಡು ಎಂದವಳು ನಾನು. ಅವಳ ಮೈಗೆ ಅದು ಒಳಗೆ ಇಳಿಯಲಿಲ್ಲವಂತೆ."

ಅವನ ಕೈ ನಿಂತಿತು.

"ಡಾಕ್ಟ್ರು ತೋಳಿಗೆ ಅಂದಿದ್ರಾ?"

"ಹೌದು."

"ಶಾಂತಾರಾಮಣ್ಣಂಗೆ ಗೊತ್ತಿತ್ತಾ?"

"ಅವನು ಕೇಳಿದ. ನಾನೇ ಪರವಾಗಿಲ್ಲ ಎನ್ನುವ ಹಾಗೆ ಮಾಡಿದೆ."

ಅವನು ತನ್ನ ಕಾಲಿನ ಕಡೆ ನೋಡಿದ. ಬೇವಿನ ಒಣ ಎಲೆಗಳು ಅವನ ಪಾದದ ಸುತ್ತ ಬಿದ್ದಿದ್ದವು.

"ಆ ದಿನ ಮನೆಗೆ ಬಂದು ಹೇಳಿದ್ಲು" ಎಂದ. "ಅಕ್ಕೋರು ಪರದೆ ಹಾಕಿದ್ರು, ನನ್ನ ಮಾನ ಉಳೀತು ಅಂತ. ಎರಡು ಮೂರು ಸಲ ಹೇಳಿದ್ಲು. ಭೂಮಿ ಮುಂದೂ ಹೇಳಿದ್ಲು."

ಎದ್ದು, ಟವೆಲ್ಲನ್ನು ಭುಜಕ್ಕೆ ಹಾಕಿಕೊಂಡು, ಗೇಟಿನ ಕಡೆ ನಡೆದುಹೋದ. ಹಿಂದೆ ತಿರುಗಿ ನೋಡಲಿಲ್ಲ. ನಾನು ಕರೆಯಲಿಲ್ಲ. ಕರೆಯುವ ಹಕ್ಕು ನನಗೆ ಎಲ್ಲಿತ್ತು. ಅವನು ಹಿಂದಿರುಗದಿದ್ದರೆ ನಾನೊಬ್ಬಳೇ ಗಂಗೆಯನ್ನು ನಂದೊಳ್ಳಿಯ ತವರಿಗೆ ಒಯ್ಯಬೇಕು, ನಾಳೆ ಮಧ್ಯಾಹ್ನ ಪರೀಕ್ಷೆ ಮುಗಿಸಿ ಬರುವ ಹುಡುಗಿಯ ಎದುರಿಗೆ ನಿಲ್ಲಬೇಕು, ಅವಳು ಕೇಳಿದರೆ ಅವಳಿಗೂ ಇದನ್ನೇ ಹೇಳಬೇಕು. ಹಾಗೆ ಯೋಚಿಸುತ್ತಾ ಕುಳಿತೆ. ಬಿಸಿಲು ಕಟ್ಟೆಯ ಮೇಲೆ ಏರಿ ನನ್ನ ಮೊಣಕಾಲಿಗೆ ಬಂತು. ಸರಿದು ಕೂರಬೇಕೆನಿಸಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಚೌಡ ಗೇಟಿನಲ್ಲಿ ಕಾಣಿಸಿದ. ಅಂಗಿ ಬೆವರಿನಲ್ಲಿ ನೆನೆದಿತ್ತು. ನಡೆದೇ ಹೋಗಿ ಬಂದಿರಬೇಕು. ಹತ್ತಿರ ಬಂದು ನಿಂತ. ಬಾಳೆಲೆಯಲ್ಲಿ ಸುತ್ತಿ ಮೇಲೆ ಪೇಪರು ಕಟ್ಟಿದ ಪೊಟ್ಟಣವೊಂದು ಕೈಯಲ್ಲಿತ್ತು. ನನ್ನ ಮುಖ ನೋಡದೆ, ಅದನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ.

"ನಿನ್ನೆಯಿಂದ ಎಂತದೂ ತಿಂದಿಲ್ಲ ನೀವು. ಮೊಸರನ್ನ" ಎಂದ. "ಕೇಳ್ಕಂಡೇ ತಂದೀನಿ. ಭಟ್ರ ಹೋಟ್ಲಿಂದು."